ಬಿದ್ದವನ ಬಾಯಿಗೆ ನೀರು

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ಹೊಸಪೇಟೆಯಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡಿದವರೆಲ್ಲ ಗಾಡಿ ಕೊಂಡರು. ನನ್ನ ಮಗನೂ ಒಂದು ಕಾರು ಕೊಂಡು ಬಾಡಿಗೆಗೆ ಬಿಟ್ಟ. ಗಣಿ ಆಫೀಸಿನವರು ಕೇಳಿದರೆ ಅವರಿಗೆ, ಇಲ್ಲದಿದ್ದರೆ ಹಂಪಿ ನೋಡಲು ಬಂದ ವಿದೇಶಿಯರಿಗೆ. ಕಾರಿಗೆ ಹಳದಿ ಬೋರ್ಡು ಇರಲಿಲ್ಲ, ಬಿಳಿ ಬೋರ್ಡು. ಬಾಡಿಗೆಗೆ ಬಿಡುವಂತಿಲ್ಲದ ಗಾಡಿ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಂಪಿಯಲ್ಲಿ ಇಳಿದುಕೊಂಡಿದ್ದ ಒಬ್ಬ ವಿದೇಶಿ ಹೆಂಗಸು ಡ್ರೈವರ್ ಬೇಡ, ತಾನೇ ಓಡಿಸುತ್ತೇನೆ ಎಂದಳು. ಮಗ ಕೀ ಕೊಟ್ಟೇಬಿಟ್ಟ. ಅವಳಿಗೆ ಸಂಡೂರಿನ ಬೆಟ್ಟ ನೋಡಬೇಕಿತ್ತು. ಸಂಡೂರಿನಾಚೆ ಬಂಡ್ರಿಯಲ್ಲಿ ನನ್ನ ತಂಗಿ ಮೊಣಕಾಲು ನೋವೆಂದು ಮಲಗಿದ್ದಳು.

“ಅವ್ವಾ, ನೀನೂ ಕುಂತು ಹೋಗು. ಚಿಗವ್ವನ್ನ ನೋಡಿದಂಗೂ ಆತು, ಗಾಡಿ ಮ್ಯಾಲ ಒಂದು ಕಣ್ಣಿಟ್ಟಂಗೂ ಆತು” ಎಂದ ಮಗ.

“ಆಕಿ ಮಾತು ನನಗ ತಿಳೀತೈತೇನ್ಲೇ?”

“ನಿನ್ನ ಮಾತು ಆಕಿಗೆ ತಿಳಿಯಂಗಿಲ್ಲಲ್ಲ, ಅದು ಛಲೋ ಐತಿ. ಬೈದ್ರೂ ನಕ್ಕೋಂತ ಕುಂದರ್ತಾಳ.”

ಹಾಗೆ ಹೊರಟೆವು. ಹುಡುಗಿ ಅನ್ನುವಷ್ಟು ಚಿಕ್ಕವಳಲ್ಲ, ನನ್ನ ಮಗಳ ವಯಸ್ಸು ಇರಬಹುದು. ಕೂತ ಕೂಡಲೇ ನನಗೆ ಬೆಲ್ಟು ಬಿಗಿದಳು. ಗಾಡಿಯನ್ನು ನಿಧಾನವಾಗಿಯೇ ಓಡಿಸಿದಳು. ಒಂದೇ ಒಂದು ಕೊರತೆ, ಹಾರ್ನ್ ಹೊಡೆಯುತ್ತಿರಲಿಲ್ಲ. ನಮ್ಮ ಕಡೆ, ನಿಂತ ಲಾರಿಯನ್ನು ದಾಟುವಾಗ ಹಾರ್ನ್ ಹೊಡೆಯದೆ ಯಾರೂ ದಾಟುವುದಿಲ್ಲ. ಲಾರಿ ಸಂದಿಯಿಂದ ಯಾರು ಯಾವಾಗ ಇಳಿಯುತ್ತಾರೋ ಹೇಳಲಾಗದು. ನಾನು “ಪೋಂ ಪೋಂ” ಎಂದು ಬಾಯಲ್ಲಿ ಹೇಳಿದೆ, ಕೈಯಲ್ಲಿ ಒತ್ತಿ ತೋರಿಸಿದೆ. ಅವಳು ನಕ್ಕು ತಲೆಯಾಡಿಸಿದಳು. ಅವರ ಊರಲ್ಲಿ ಹಾರ್ನ್ ಹೊಡೆದರೆ ಬೈದಂತೆ ಲೆಕ್ಕ ಎಂದು ಮಗ ಆಮೇಲೆ ಹೇಳಿದ.

ಸಂಡೂರು ದಾಟಿ ಬಂಡ್ರಿ ದಾರಿ ಹಿಡಿದೆವು. ರಸ್ತೆಯ ಪಕ್ಕ ಅದಿರು ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದವು. ಗಿಡ, ಗೋಡೆ, ನಾಯಿ ಎಲ್ಲ ಕೆಂಪು. ಆ ಲಾರಿಗಳ ಮೇಲೆ ಹತ್ತಿ ಅದಿರಿಗೆ ತಾಡಪಾಲು ಹೊದಿಸಿ ಕಟ್ಟುವ ಆಳುಗಳು ಇರುತ್ತಿದ್ದರು. ಅಂಥವನೊಬ್ಬ ಕಟ್ಟುವುದು ಮುಗಿಸಿ, ಲಾರಿಯ ಹಿಂದಿನಿಂದ ಸೀದಾ ರಸ್ತೆಗೆ ಹಾರಿದ. ನನಗೆ ಕಂಡದ್ದು ಅವನ ಹಳದಿ ಬನಿಯನ್ನು ಮಾತ್ರ. ಆಮೇಲೆ ಸದ್ದು. ಗೋಣಿಚೀಲ ಎತ್ತಿ ಒಗೆದ ಹಾಗೆ ಕೇಳಿಸಿತು. ಗಾಜು ಜೇಡರ ಬಲೆಯಂತೆ ಒಡೆಯಿತು.

ನಮ್ಮ ಕಡೆ ಆಗ ಇದ್ದ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಗಾಡಿ ಯಾರಿಗಾದರೂ ಬಡಿದರೆ ಡ್ರೈವರ್ ನಿಲ್ಲಬಾರದು. ಗಾಡಿ ಬಿಟ್ಟು ಜೋಳದ ಹೊಲಕ್ಕೆ ಬಿದ್ದು ಓಡಬೇಕು, ಸುತ್ತು ಹಾಕಿ ಠಾಣೆಗೆ ಹೋಗಿ ಕೂರಬೇಕು. ನಿಂತವನಿಗೆ ಜನ ಬಡಿಯುತ್ತಾರೆ. ಮೊದಲ ಏಟು ಬೀಳುವ ತನಕ ಎಲ್ಲರೂ ಒಳ್ಳೆಯವರೇ, ಬಿದ್ದ ಮೇಲೆ ಯಾರ ಕೈ ಯಾರದೋ ಗೊತ್ತಾಗುವುದಿಲ್ಲ. ಅದನ್ನು ನಾನು ಕಂಡಿದ್ದೆ.

ಒಬ್ಬ ಮುದಿ ಲಾರಿ ಡ್ರೈವರ್ ಕಿಟಕಿಯ ಹತ್ತಿರ ಓಡಿ ಬಂದ.

“ಯಮ್ಮಾ, ಈಕಿನ್ನ ಕರಕೊಂಡು ಓಡ್ರಿ. ಜಲ್ದಿ. ಇವನ ಊರಿನವರು ಬಂದ್ರ ಮುಗೀತು.”

ನಾನು ಇಳಿದು ಅವಳ ರಟ್ಟೆ ಹಿಡಿದು ಎಳೆದೆ. ಅವಳು ಬರಲಿಲ್ಲ. ಮುಖ ಸುಣ್ಣದ ಹಾಗೆ ಆಗಿತ್ತು, ಆದರೆ ಬರಲಿಲ್ಲ. “ನೋ, ನೋ” ಎಂದಳು. ಬಿಟ್ಟು ಹೋದರೆ ತಪ್ಪು ಎಂದು ಅವರ ದೇಶದಲ್ಲಿ ಕಲಿಸಿರಬೇಕು. ಕಾರಿನ ದೀಪಗಳನ್ನು ಮಿಣಮಿಣ ಮಾಡಿದಳು. ಬಿದ್ದವನ ಹತ್ತಿರ ಹೋಗಿ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಆಮೇಲೆ ಮಾಡಬಾರದ ಕೆಲಸ ಮಾಡಿದಳು, ಕ್ಯಾಮೆರಾ ತೆಗೆದಳು. ಕಾರಿನ ಮೂತಿ, ಬೋರ್ಡು, ಟೈರು ಉಜ್ಜಿದ ಗುರುತು, ನಿಂತ ಲಾರಿ, ಒಂದೊಂದೇ ಫೋಟೋ ಹೊಡೆಯತೊಡಗಿದಳು. ಬಾಡಿಗೆ ಗಾಡಿ ಬಡಿದರೆ ಅವರಲ್ಲಿ ಮೊದಲು ಮಾಡುವ ಕೆಲಸವೇ ಅದಂತೆ.

ಸುತ್ತ ಜನ ಕೂಡಿತ್ತು.

“ಮನಿಷ್ಯ ಸಾಯಾಕತ್ಯಾನ, ಈಕಿ ಫೋಟೋ ಹೊಡೀತಾಳ ನೋಡ್ರಲೇ.”

“ಊರಿಗೆ ಹೋಗಿ ತೋರಸ್ತಾಳ. ಹಂಪಿ ನೋಡ್ದೆ, ಮನಿಷ್ಯಾನ್ನ ಹೊಡ್ದೆ ಅಂತ.”

ಕೆಲವರು ನಕ್ಕರು. ನಗು ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು. ನಾನು ಕ್ಯಾಮೆರಾ ಕಸಿದುಕೊಂಡು ಸೆರಗಿನೊಳಗೆ ತುರುಕಿದೆ. “ಕುಂದ್ರು” ಎಂದು ಅವಳ ಭುಜ ಒತ್ತಿ ಬಿದ್ದವನ ತಲೆಯ ಹತ್ತಿರ ಕೂರಿಸಿದೆ. ಗಾಯಾಳುವಿನ ತಲೆ ಹಿಡಿದು ಕೂತವರಿಗೆ ಸುಲಭಕ್ಕೆ ಯಾರೂ ಹೊಡೆಯಲಾರರು ಎಂಬ ಧೈರ್ಯ ನನ್ನದು. ಅವಳು ಎರಡೂ ಕೈಯಲ್ಲಿ ಅವನ ತಲೆ ಅಲುಗದ ಹಾಗೆ ಹಿಡಿದುಕೊಂಡಳು.

ಅವನಿಗೆ ಎಚ್ಚರವಿತ್ತು. ತೊಡೆ ಬಾಗಬಾರದ ಕಡೆಗೆ ಸೊಟ್ಟಗಾಗಿತ್ತು. ಒಂದು ಕೈ ಹೊಟ್ಟೆಯ ಮೇಲೆ. “ನೀರು” ಎಂದ. ಮತ್ತೆ “ನೀರು” ಎಂದ.

ಒಬ್ಬ ಲಾರಿಯಿಂದ ನೀರಿನ ಬಾಟಲಿ ತಂದು ಬಗ್ಗಿದ. ಇವಳು ಅಂಗೈಯನ್ನು ಅವನ ಬಾಯಿಗೆ ಅಡ್ಡ ಇಟ್ಟಳು. “ನೋ ವಾಟರ್.” ಇನ್ನೊಬ್ಬ ಬಂದ, ಅವನನ್ನೂ ತಡೆದಳು.

ಗುಂಪು ಹತ್ತಿರ ಹತ್ತಿರ ಸರಿಯಿತು. ಹೊಡೆದದ್ದನ್ನು ಸಹಿಸಿದ್ದರು, ಫೋಟೋವನ್ನೂ ಸಹಿಸಿದ್ದರು. ಆದರೆ ಪ್ರಾಣ ಹೋಗುವವನು ಕೇಳಿದ ನೀರನ್ನು ತಡೆಯುವುದೆಂದರೆ ನಮ್ಮಲ್ಲಿ ಕೊಲೆಗಿಂತ ಕಡೆ. ಶತ್ರುವಿಗೂ ಹಾಗೆ ಮಾಡುವುದಿಲ್ಲ. ಬಾಟಲಿ ಹಿಡಿದವನು ಹಿಂದೆ ಸರಿದ. ಅವನ ಜಾಗಕ್ಕೆ ಒಬ್ಬ ಗಟ್ಟಿ ಆಳು ಬಂದು ನಿಂತ. ಅವನ ಕೈಯಲ್ಲಿ ಟೈರು ಬಿಚ್ಚುವ ರಾಡು ಇತ್ತು.

“ಕೈ ತಗೀ ಅನ್ರಿ ಆಕಿಗೆ. ಇಲ್ಲಾಂದ್ರ ನಾ ತಗಸ್ತೀನಿ.”

ನೀರು ಕೊಡಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನಾದರೆ ಮೊದಲು ಕೊಡುತ್ತಿದ್ದದ್ದೇ ನೀರು. ಆದರೆ ಅವಳ ಕಣ್ಣು ನೋಡಿದೆ. ಹೆದರಿ ನಡುಗುತ್ತಿದ್ದವಳು ಆ ಕೈಯನ್ನು ಮಾತ್ರ ತೆಗೆಯುತ್ತಿರಲಿಲ್ಲ. ಹೆದರಿದವರು ಸುಮ್ಮನೆ ಹಟ ಮಾಡುವುದಿಲ್ಲ, ಏನೋ ಗೊತ್ತಿರಬೇಕು ಎನಿಸಿತು. ಅವಳಿಗೆ ಏಟು ಬಿದ್ದರೆ ನನಗೂ ಬೀಳುತ್ತದೆ ಎಂಬುದೂ ತಲೆಯಲ್ಲಿತ್ತು, ಇಲ್ಲವೆನ್ನುವುದಿಲ್ಲ.

ನಾನು ಎದ್ದು ನಿಂತೆ. ದನಿ ನಡುಗದಿರಲೆಂದು ಹೊಟ್ಟೆಯಿಂದ ಮಾತಾಡಿದೆ.

“ಬಾಯಾಗ ನೀರು ಬಿಡೋದು ಯಾರಿಗಲೇ? ಸಾಯೋರಿಗೆ. ಇವನು ಸಾಯ್ತಾನ ಅಂತ ಹೇಳೋ ಗಂಡಸು ಯಾರಿದ್ದಾನ, ಅವನು ಮುಂದ ಬರ್ಲಿ. ಬಂದು ತನ್ನ ಕೈಲೆ ಬಿಡ್ಲಿ. ನಾಳೆ ಇವನ ಮನಿಯವರು ಕೇಳಿದ್ರ, ನಾ ಕಡೀ ನೀರು ಬಿಟ್ಟೆ ಅಂತ ಹೇಳ್ಬೇಕು.”

ಯಾರೂ ಬರಲಿಲ್ಲ. ರಾಡಿನವನು ಬಿದ್ದವನನ್ನು ನೋಡಿದ, ನನ್ನನ್ನು ನೋಡಿದ. “ಭಾಳ ಮಾತು ಬರ್ತಾವ ಮುದುಕಿಗೆ” ಎಂದ. ಆದರೆ ರಾಡು ಕೆಳಗಿಳಿಯಿತು.

ಅಷ್ಟರಲ್ಲಿ ಗುಂಪು ಎರಡಾಗಿ ದಾರಿ ಬಿಟ್ಟಿತು. ಬಂದವಳು ಅವನ ಹೆಂಡತಿ. ಅಲ್ಲೇ ಲಾರಿಯವರಿಗೆ ಊಟ ಹಾಕುವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳಂತೆ, ಕೈಗೆ ಹಿಟ್ಟು ಮೆತ್ತಿತ್ತು. ಗಂಡ ಬಿದ್ದಿದ್ದಾನೆ, ನೀರು ಕೇಳುತ್ತಿದ್ದಾನೆ ಎಂದು ಯಾರೋ ಹೇಳಿದ್ದಕ್ಕೆ ತಂಬಿಗೆ ತುಂಬಿಕೊಂಡೇ ಓಡಿ ಬಂದಿದ್ದಳು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತ್ತು.

ಬಂದವರಿಗೆಲ್ಲ ಹೇಳಿದ ಮಾತನ್ನು ಇವಳಿಗೆ ಹೇಳುವುದು ಹೇಗೆ? ಆ ನೀರು ಬಿಡುವ ಹಕ್ಕು ಇದ್ದವಳು ಅವಳೊಬ್ಬಳೇ.

“ಅತ್ತಾಗ ಸರಿ ಬೇ ಯಮ್ಮಾ. ನನ್ನ ಗಂಡ ನೀರು ಕೇಳಾಕತ್ಯಾನ.”

ನಾನು ಸರಿಯಲಿಲ್ಲ. “ಕೊಡ್ತೀಯೇನು? ಕೊಡು. ಹೋಗಾವಂಗ ಬಿಡೋ ನೀರು ಅಂತ ತಿಳಕೊಂಡು ಕೊಡು. ಇವನ್ನ ದವಾಖಾನಿಗೆ ಒಯ್ಯಬೇಕು ಅನ್ನೋದಿದ್ರ ತಂಬಿಗಿ ಕೆಳಗಿಡು.”

ಅವಳು ನನ್ನನ್ನು ನೋಡಿದ ರೀತಿ ಬರೆಯಲು ನನಗೆ ಬರುವುದಿಲ್ಲ. ಅವನು “ನೀರು ಕೊಡಬೇ” ಎಂದು ಅವಳನ್ನೇ ಕೇಳಿದ. ಅವಳ ಕೈ ಮುಂದೆ ಹೋಯಿತು, ನಿಂತಿತು. ತಂಬಿಗೆಯನ್ನು ರಸ್ತೆಯ ಮೇಲಿಟ್ಟಳು. ಸೆರಗಿನ ತುದಿ ಅದ್ದಿ ಅವನ ತುಟಿ ಒರೆಸಿದಳು. ಅದಕ್ಕೆ ವಿದೇಶಿ ಹೆಂಗಸು ಅಡ್ಡ ಬರಲಿಲ್ಲ.

ಆಮೇಲೆ ಜನರೇ ಜೀವ ಕೊಟ್ಟು ದುಡಿದರು. ರಾಡು ಹಿಡಿದವನೇ ಒಂದು ಖಾಲಿ ಟೆಂಪೋ ನಿಲ್ಲಿಸಿದ. ತಾಡಪಾಲನ್ನು ಮಡಿಸಿ ಅವನ ಕೆಳಗೆ ಸರಿಸಿ, ಅಲುಗದಂತೆ ನಾಲ್ಕೂ ಮೂಲೆ ಹಿಡಿದು ಎತ್ತಿದರು. ಲಾರಿಗಳ ಸಾಲು ಬಿಡಿಸಲು ಕ್ಲೀನರುಗಳು ಮುಂದೆ ಮುಂದೆ ಓಡಿದರು. ನಾವು ಮೂವರು ಹೆಂಗಸರು ಟೆಂಪೋದಲ್ಲಿ ಅವನ ಸುತ್ತ ಕೂತೆವು. ಕಾರು ಅಲ್ಲೇ ಉಳಿಯಿತು.

ಸಂಡೂರಿನಲ್ಲಿ ಕಾಲಿಗೆ ಹಲಗೆ ಕಟ್ಟಿ ಹೊಸಪೇಟೆಗೆ ಕಳಿಸಿದರು. ಘಾಟಿಯ ತಿರುವಿನಲ್ಲಿ ಅವನು ನೀರು ಕೇಳುವುದನ್ನು ನಿಲ್ಲಿಸಿದ. ಅವನು ಕೇಳುತ್ತಿದ್ದುದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು ಹೆದರಿಸಿತು. ಹೆಂಡತಿ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

“ಇವರು ಹೋದ್ರ, ನೀರಿಲ್ದ ಕಳಿಸಿದಾಕಿ ನೀನು. ನಿನ್ನ ಮನಿ ಮುಂದ ಬಂದು ಕುಂದರ್ತೀನಿ, ತಿಳ್ಕೋ.”

ಪೊಲೀಸರ ಹೆದರಿಕೆ ಇತ್ತು, ಕಾರಿನದೂ ಇತ್ತು. ಆ ಮಾತು ಕೇಳಿದ ಮೇಲೆ ಅವೆರಡೂ ಸಣ್ಣವಾದವು.

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಒಳಗೆ ರಕ್ತ ಸೋರುತ್ತಿದೆ, ಈಗಲೇ ಕೊಯ್ಯಬೇಕು ಎಂದರು. ಮತ್ತೆ ಕೇಳಿದರು: “ಏನಾದರೂ ಕುಡಿಸಿದ್ದೀರಾ?”

ಹೆಂಡತಿ ನನ್ನ ಮುಖ ನೋಡಿದಳು. ನಾನು ಇಲ್ಲವೆಂದೆ.

“ಒಳ್ಳೆಯದಾಯಿತು. ಹೊಟ್ಟೆ ತುಂಬ ನೀರು ಕುಡಿಸಿ ತಂದುಬಿಡುತ್ತೀರಿ, ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟಾಗ ವಾಂತಿಯಾಗಿ ಉಸಿರು ಕಟ್ಟುತ್ತದೆ” ಎನ್ನುತ್ತ ಒಳಗೆ ಹೋದರು. ಅದು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ. ಸರಿ ಮಾಡಿದವರೂ ಸತ್ತವರ ಮನೆಯವರಿಗೆ ಉತ್ತರ ಹೇಳಬೇಕಾಗುತ್ತದೆ.

ಮಗ ಓಡಿ ಬಂದ. “ಗಾಡಿ ನಾನು ಓಡಿಸ್ತಿದ್ದೆ ಅಂತ ಹೇಳ್ತೀನಿ. ಆಕೀನ್ನ ಸುಮ್ನಿರಾಕ ಹೇಳು” ಎಂದು ಪಿಸುಗುಟ್ಟಿದ. ನಾನು ಹೇಳುವುದೆಲ್ಲಿ? ಅವಳು ಆಗಲೇ ಪೊಲೀಸನ ಮುಂದೆ ತನ್ನ ಎದೆ ಮುಟ್ಟಿಕೊಂಡು, “ಐ ಡ್ರೈವ್” ಎಂದು ತೋರಿಸುತ್ತಿದ್ದಳು. ಬಿಳಿ ಬೋರ್ಡಿನ ಸಂಗತಿಯೂ ಹೊರಬಿತ್ತು. ವಿಮೆಯವರು ಮುಖ ತಿರುಗಿಸಿದರು. ಅವಳೂ ಮಗನೂ ಬಹಳ ದಿನ ಕಚೇರಿಗಳನ್ನು ಸುತ್ತಿದರು. ನಾನು ಮಗನಿಗೆ ಅಯ್ಯೋ ಪಾಪ ಅನ್ನಲಿಲ್ಲ.

ಬಿದ್ದವನು ಬದುಕಿದ. ಆ ದಿನವೇ ಸಂಜೆ ಡಾಕ್ಟರು ಹೊರಗೆ ಬಂದು ಹೇಳಿದಾಗ ವಿದೇಶಿ ಹೆಂಗಸು ನೆಲದ ಮೇಲೆ ಕೂತು ಬಿಕ್ಕಿದಳು. ಹೆಂಡತಿ ಅಳಲಿಲ್ಲ, ನಾನೂ ಅಳಲಿಲ್ಲ.

ಕೆಲವು ದಿನ ಬಿಟ್ಟು, ಅವನಿಗೆ ಗಂಜಿ ಕುಡಿಸಬಹುದು ಎಂದರೆಂದು ತಿಳಿದು, ಕುದಿಸಿಕೊಂಡು ಹೋದೆ. ಹೆಂಡತಿ ವಾರ್ಡಿನ ಬಾಗಿಲಲ್ಲೇ ನಿಂತಿದ್ದಳು. ಗಂಜಿಯ ಪಾತ್ರೆ ಇಸಕೊಂಡಳು. ನಾನು ಒಳಗೆ ಕಾಲಿಡಲು ಹೋದರೆ ಬಾಗಿಲಿಗೆ ಅಡ್ಡ ಕೈ ಇಟ್ಟಳು.

“ನೀವು ಒಳಗ ಬರಬ್ಯಾಡ್ರಿ.”

“ಯಾಕವ್ವಾ? ಛಲೋ ಆದ್ನಲ್ಲ.”

“ಆದ್ರು. ಆಗಿರಲಿಲ್ಲಾಂದ್ರ? ಕೇಳಿ ಕೇಳಿ ಸತ್ತಿದ್ರ, ತಂಬಿಗಿ ಕೆಳಗಿಟ್ಟ ಈ ಕೈಲೆ ನಾ ಹೆಂಗ ಉಣ್ಣಬೇಕಿತ್ತು? ನಿಮ್ಮನ್ನ ನೋಡಿದ್ರ ನನಗ ಅದಾ ನೆನಪಿಗೆ ಬರ್ತೈತಿ. ಹೋಗ್ರಿ.”

ಸಿಟ್ಟಿನಿಂದ ಅಂದದ್ದಲ್ಲ. ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದೆ.