ಗುರುಬಸವ ಅವ್ವನಿಗೆ ಕೊಂಡ ಕ್ಯಾಮೆರಾ

ನಮ್ಮ ಗೋಪನಕೊಪ್ಪದ ಗುರುಬಸವನಷ್ಟು ಅಂಜುಬುರುಕನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಳು ನೋಡಿದರೆ ಬಾಗಿಲು ತುಂಬುವಂತಿದ್ದಾನೆ. ಅಡತಿ ಅಂಗಡಿಯಲ್ಲಿ ನಿಂತು ಮೆಣಸಿನಕಾಯಿಗೆ ದರ ಕೂಗಿದರೆ ಪಕ್ಕದ ಅಂಗಡಿಯವರು ಮಾತು ನಿಲ್ಲಿಸುತ್ತಾರೆ. ಅಂಥವನು ಕ್ಯಾಮೆರಾ ಕಂಡರೆ ಬೆವರುತ್ತಾನೆ. ಮದುವೆಮನೆಯಲ್ಲಿ ಫೋಟೊಗೆ ಕರೆಯುವ ಹೊತ್ತಿಗೆ ಸರಿಯಾಗಿ ಅವನಿಗೆ ಹಸಿವಾಗುತ್ತದೆ.

ನಗುವ ಮುಂಚೆ ಅವನ ಮನೆಯ ಪಡಸಾಲೆ ನೋಡಬೇಕು. ನಮ್ಮ ಲಿಂಗಾಯತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ವಿಭೂತಿ ಹಚ್ಚಿ, ಹೂ ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಮನೆಯವರು ಪಕ್ಕದಲ್ಲಿ ಕೂತು ಒಂದು ಫೋಟೊ ತೆಗೆಸುತ್ತಾರೆ. ಆ ಪಡಸಾಲೆಯ ಗೋಡೆಯ ಮೇಲೆ ಅವನ ಅಜ್ಜ, ಅಪ್ಪ, ಅಣ್ಣ ಹೀಗೆಯೇ ಕೂತಿದ್ದಾರೆ. ಎಲ್ಲದರಲ್ಲೂ ಪಕ್ಕಕ್ಕೆ ಗುರುಬಸವ ಅಳುತ್ತಿದ್ದಾನೆ. ಒಂದರಲ್ಲಿ ಚಡ್ಡಿ ಹಾಕಿಕೊಂಡು, ಒಂದರಲ್ಲಿ ಚಿಗುರು ಮೀಸೆಯಲ್ಲಿ, ಕೊನೆಯದರಲ್ಲಿ ನರೆತ ತಲೆಯಲ್ಲಿ. ಆ ಮನೆಗೆ ಕ್ಯಾಮೆರಾ ಬಂದದ್ದೆಲ್ಲ ಸಾವಿನ ಹಿಂದೆಯೇ.

ಈ ಬೇಸಿಗೆಯಲ್ಲಿ ಅವನ ತಾಯಿ ಮುರಿಗೆವ್ವನ ಹೃದಯದ ಕವಾಟ ಕೆಟ್ಟಿತು. ಆಪರೇಷನ್ ಸೋಮವಾರ ಎಂದಾಯಿತು. ಎದೆ ಬಿಚ್ಚುವ ಕೆಲಸ, ವಯಸ್ಸೂ ಆಗಿದೆ, ಖಾತ್ರಿಯಾಗಿ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ಮುದುಕಿ ಮನೆಗೆ ಬಂದವಳೇ ಮಗನಿಗೆ ತನಗೊಂದು ಸಣ್ಣ ಕ್ಯಾಮೆರಾ ತಂದುಕೊಡು ಎಂದಳು. ತರದಿದ್ದರೆ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂದಳು. ಯಾಕೆಂದು ಕೇಳಿದರೆ ಮುಖ ತಿರುಗಿಸಿದಳು.

ಗುರುಬಸವನಿಗೆ ಕಾರಣ ಹೇಳಿಸಿಕೊಳ್ಳುವುದೇ ಬೇಕಿರಲಿಲ್ಲ. ಮುಂದಿನ ಮೊಳೆ ಎಲ್ಲಿ ಹೊಡೆಯಬೇಕೆಂದು ಅವ್ವ ಆಗಲೇ ಗೋಡೆ ನೋಡಿಕೊಂಡಿದ್ದಾಳೆ ಎಂದೇ ಅವನು ತಿಳಿದ. ಕ್ಯಾಮೆರಾ ತಂದರೆ ಸಾವನ್ನು ಕೈಹಿಡಿದು ಕರೆತಂದ ಹಾಗೆ. ತರದಿದ್ದರೆ ಆಪರೇಷನ್ ಇಲ್ಲದೆ ಅವ್ವ ಉಳಿಯುವುದಿಲ್ಲ. ನನ್ನ ಮನೆಗೆ ಬಂದು ಇದನ್ನು ಹೇಳುವಾಗ ಬಸಿಯ ತುಂಬ ಚಹಾ ಚೆಲ್ಲಿದ. ನಾನು ಗದರಿದೆ. ಮೊಬೈಲಿನಲ್ಲೂ ಕ್ಯಾಮೆರಾ ಇದೆ, ಅದರಿಂದ ಎಷ್ಟು ಜನ ಸತ್ತರು ಎಂದೆ. ಮೊಬೈಲು ಬೇಡವೇ ಬೇಡ ಎಂದಿದ್ದಳಂತೆ ಅವ್ವ.

ಕೊನೆಗೆ ನಾನೇ ಅವನನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಕ್ಯಾಮೆರಾ ಮಾರುವ ಜಾವೀದನ ಅಂಗಡಿಗೆ ಹೋದೆ. ದವಾಖಾನೆಯ ಖರ್ಚು ಕಣ್ಣ ಮುಂದಿದ್ದಾಗ ಹೊಸದರ ಮಾತೇ ಇರಲಿಲ್ಲ. ಜಾವೀದ ಬಳಸಿದ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಹರಡಿ, ಏನೇನು ಅನುಕೂಲ ಬೇಕು ಎಂದು ಕೇಳಿದ. ಗುರುಬಸವ ಅವ್ವನ ಷರತ್ತುಗಳನ್ನು ಒಪ್ಪಿಸಿದ. ಗುಂಡಿ ಬೆರಳಿಗೆ ಗಟ್ಟಿಯಾಗಿ ಸಿಗಬೇಕು. ರೊಟ್ಟಿ ಬಡಿದು ಒಣಗಿದ ಅವಳ ಬೆರಳಿಗೆ ಮೊಬೈಲಿನ ಗಾಜು ಓಗೊಡುವುದಿಲ್ಲ. ಚಿತ್ರ ದೊಡ್ಡದು ಮಾಡಲು ಬರಬೇಕು. ಆಮೇಲೆ ದನಿ ಇಳಿಸಿದ.

"ಕತ್ತಲದಾಗೂ ಕಾಣಬೇಕಂತ್ರಿ. ಒಬ್ಬಾಕಿನ ಇದ್ದಾಗ."

ಅದನ್ನು ಕೇಳಿ ನಾನೂ ಅಂಜಿದೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಕತ್ತಲು, ಒಬ್ಬಳೇ ಎಂದರೆ ಮತ್ತೇನು ಅರ್ಥ? ಜಾವೀದ ಮಾತ್ರ ತಣ್ಣಗೆ ಒಂದನ್ನು ಆರಿಸಿ ಮುಂದಿಟ್ಟ. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣದು, ಪರದೆ ನಿಚ್ಚಳ, ಕೈ ನಡುಗಿದರೂ ಚಿತ್ರ ಕದಡುವುದಿಲ್ಲ. ಚಾಲೂ ಮಾಡಿದಾಗ ಮಸೂರ ಗುರ್ ಎಂದು ಹೊರಬಂತು, ಗುರುಬಸವ ಹಿಂದಕ್ಕೆ ಜಿಗಿದು ಗಿರಾಕಿಯೊಬ್ಬರ ಕಾಲು ತುಳಿದ. ಕೊತ್ತಂಬರಿಗೂ ಚೌಕಾಶಿ ಮಾಡುವವನು ಜಾವೀದ ಹೇಳಿದ ದರಕ್ಕೇ ಕೊಂಡ. ಹೊರಗೆ ಬಂದು ಡಬ್ಬಿಯನ್ನು ನೀವೇ ಹಿಡಿದುಕೊಳ್ಳಿ ಎಂದ, ಗಾಡಿ ಓಡಿಸುವವನು ನಾನೆಂಬುದನ್ನೂ ಮರೆತು.

ಮುರಿಗೆವ್ವ ದಿಂಬಿಗೆ ಒರಗಿ ಕಾಯುತ್ತಿದ್ದಳು. ನಾನು ಕ್ಯಾಮೆರಾ ತೆಗೆದು ಅವಳ ಕೈಗೆ ಕೊಟ್ಟು ಗುಂಡಿಗಳನ್ನು ತೋರಿಸತೊಡಗಿದೆ. ಗುರುಬಸವ ಹೊಸ್ತಿಲು ದಾಟಲೇ ಇಲ್ಲ.

"ಅವ್ವಾ, ನಿನ್ನ ಗೋಡಿಗೆ ಆನಿಸಿ ಕೂಡಸೂದು ನನ್ನ ಕಡಿಂದ ಆಗೂದಿಲ್ಲ," ಎಂದವನು ಅತ್ತೇಬಿಟ್ಟ.

ಮುದುಕಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಚೆನ್ನಾಗಿ ಬೈದಳು. ತನ್ನ ಫೋಟೊ ಯಾರಿಗೆ ಬೇಕಾಗಿದೆ ಎಂದಳು. ಇಂಥದೇ ಆಪರೇಷನ್ ಮಾಡಿಸಿಕೊಂಡು ಬಂದ ಓಣಿಯ ತಾರಾಬಾಯಿ ಅವಳಿಗೆ ಎಲ್ಲ ಹೇಳಿದ್ದಳು. ಎದೆ ಹೊಲಿದ ಮೇಲೆ ಯಂತ್ರಗಳ ನಡುವೆ ಒಬ್ಬಳನ್ನೇ ಮಲಗಿಸುತ್ತಾರೆ, ದೀಪ ಸಣ್ಣದು ಮಾಡುತ್ತಾರೆ, ಮನೆಯವರನ್ನು ಬಿಡುವುದಿಲ್ಲ, ಮೊಬೈಲನ್ನೂ ಬಿಡುವುದಿಲ್ಲ. ಇದು ಮೊಬೈಲಲ್ಲವಲ್ಲ ಎಂದು ನರ್ಸಮ್ಮನಿಗೆ ಹೇಳಿ ಒಳಗೆ ಒಯ್ಯುವುದು ಮುದುಕಿಯ ಹಂಚಿಕೆ.

"ಈ ಮನ್ಯಾಗ ನಿನ್ನ ಒಬ್ಬನ್ದ ಅಂತ ಒಂದ ಫೋಟೊ ಇಲ್ಲ. ಇದ್ದದ್ದೆಲ್ಲ ಸತ್ತವರ ಜೋಡಿ. ಅಂಥಾದ್ದು ನೋಡಕೋತ ಮಲಗಲೇನು ನಾನು? ಇಲ್ಲಿ ಬಂದು ಕೂಡು."

ಅವನು ಬಂದು ಕೂತ. ಕೈಗಳನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡ. ಮುರಿಗೆವ್ವ ಗುಂಡಿ ಒತ್ತಿದಳು. ನಾನು ತೋರಿಸಿಕೊಟ್ಟಂತೆ ಚಿತ್ರವನ್ನು ದೊಡ್ಡದು ಮಾಡುತ್ತ ಹೋದಳು, ಪರದೆಯಲ್ಲಿ ಮಗನ ಎರಡು ಕಣ್ಣುಗಳೇ ಉಳಿಯುವ ತನಕ. ಬಹಳ ಹೊತ್ತು ನೋಡಿದಳು. ಅಷ್ಟು ಹೆದರಿದ ಕಣ್ಣುಗಳನ್ನು ನನಗೆ ನೋಡಲಾಗಲಿಲ್ಲ. ಇನ್ನೊಂದು ತೆಗೆಯೋಣ, ಈ ಸಲ ಸ್ವಲ್ಪ ನಗಲಿ ಎಂದೆ. ಅವಳು ಬೇಡವೆಂದಳು.

"ಇದ ಇರಲಿ. ನನಗೂ ಭಾಳ ಅಂಜಿಕಿ ಆಗೇತೋ, ಬಸು. ಯಾರ ಮುಂದೂ ಹೇಳಿಲ್ಲ. ನನ್ನಷ್ಟ ಅಂಜಿದಾಂವ ಒಬ್ಬ ಹೊರಗ ಕುಂತಾನ ಅಂತ ಇದರಾಗ ನೋಡಕೋತ ಮಲಗತೇನಿ."