ಮೂಗಿನಿಂದ ಉಸಿರಾಡಲು ಕಲಿಸಿದವರು

ಮೊನ್ನೆ ಸಿಂದಗಿಯಲ್ಲಿ ಹೆಣ್ಣುಮಕ್ಕಳ ಕಬಡ್ಡಿ ಪಂದ್ಯದ ವೇದಿಕೆಯ ಮೇಲೆ ಕುಳಿತಿದ್ದೆ. ಪಕ್ಕದಲ್ಲಿದ್ದ ಸಂಘಟಕರು ಗುಟ್ಕಾ ಪಾಕೀಟು ಹರಿದು ಬಾಯಿಗೆ ಸುರಿದುಕೊಂಡರು. ಸುಣ್ಣ, ಅತ್ತರು, ಜೊಲ್ಲು ಬೆರೆತ ಆ ವಾಸನೆಗೆ ಮೂಗು ಮುಚ್ಚಿಕೊಂಡೆ. ಅದರ ಹಿಂದೆಯೇ ನಮ್ಮ ಪಿ.ಟಿ. ಸರ್ ನೆನಪಾದರು...

ಇಂಡಿ ಪಟ್ಟಣದ ಶಾಲೆಯಲ್ಲಿ ನಮಗೆ ಕಬಡ್ಡಿ ಕಲಿಸಿದವರು ಅವರು. ಆಟಕ್ಕಿಂತ ಮೊದಲು ಉಸಿರು ಕಲಿಸಿದರು. ಮೈದಾನದಲ್ಲಿ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದೊಂದು ಲಿಂಬೆಹಣ್ಣು ಇಟ್ಟುಕೊಳ್ಳಲು ಹೇಳುತ್ತಿದ್ದರು. ನಮ್ಮೂರಲ್ಲಿ ಅದಕ್ಕೇನೂ ಬರವಿಲ್ಲ. ಉಸಿರು ಎಳೆದಾಗ ಹಣ್ಣು ಏಳಬೇಕು, ಬಿಟ್ಟಾಗ ಇಳಿಯಬೇಕು, ಉರುಳಬಾರದು.

“ಬಾಯಿ ಮುಚ್ಚ್ರೆವ್ವಾ. ಬಾಯಿ ಇರೂದು ರೊಟ್ಟಿ ತಿನ್ನಾಕ. ಉಸಿರಾಡಾಕ ಮೂಗ ಐತಿ.”

ಹಾಗೆನ್ನುವಾಗ ಅವರ ದವಡೆಯಲ್ಲೇ ಗುಟ್ಕಾ ಇರುತ್ತಿತ್ತು. ಹೇಳಿ ಮುಗಿಸಿ ಕಂಪೌಂಡಿನ ಮೂಲೆಗೆ ಉಗುಳುತ್ತಿದ್ದರು. ಆ ಗೋಡೆ ಕೆಂಪಗೆ ಕರೆಗಟ್ಟಿತ್ತು, ನೊಣ ಮುತ್ತುತ್ತಿದ್ದವು. ಆ ಕಡೆ ನಾವ್ಯಾರೂ ಚಪ್ಪಲಿ ಸಹ ಬಿಡುತ್ತಿರಲಿಲ್ಲ.

ಆದರೆ ಕಲಿಸಿದ್ದು ಸುಳ್ಳಾಗಲಿಲ್ಲ. ಮುದ್ದೇಬಿಹಾಳದ ಫೈನಲ್‌ನಲ್ಲಿ ಕೊನೆಯ ರೇಡಿಗೆ ನಾನು ಎದ್ದಾಗ ಎರಡೂ ಕಡೆ ಅಂಕ ಸಮವಿತ್ತು. ಮೂಗಿನಿಂದ ನಿಧಾನವಾಗಿ ಉಸಿರು ತುಂಬಿಕೊಂಡೆ. ಎದೆಯ ಡವಡವ ಇಳಿಯಿತು. ಒಬ್ಬಳನ್ನು ಮುಟ್ಟಿ ಗೆರೆ ದಾಟಿ ಬಂದೆ, ಗೆದ್ದೆವು. ಖುಷಿಗೆ ಸರ್ ಬಾಯಿಗೆ ಪೇಢೆ ಇಡಲು ಹೋದರೆ... ಗುಟ್ಕಾ ತಿಂದು ತಿಂದು ದವಡೆ ಬಿಗಿದು ಬಾಯಿ ತೆರೆಯಲೇ ಇಲ್ಲ. ಒಂದು ಬೆರಳು ಹೋಗುವಷ್ಟೂ ಸಂದಿಯಿರಲಿಲ್ಲ. ಪೇಢೆಯನ್ನು ಪುಡಿ ಮಾಡಿ ಹಲ್ಲಿನ ನಡುವೆ ತೂರಿಸಿಕೊಂಡರು.

“ಸರ, ಇನ್ನರ ಬಿಡ್ರಿ ಅದನ್ನ,” ಎಂದೆ.

“ಬಿಡ್ತೇನವ್ವಾ. ಇದೊಂದ್ ಸೀಜನ್ ಮುಗೀಲಿ.”

ಬಿಡಲಿಲ್ಲ. ಮುಂದೆ ಬಾಯಿಯ ಕ್ಯಾನ್ಸರಾಗಿ ಗಲ್ಲಕ್ಕೆ ತೂತು ಬಿತ್ತು. ಕಡೆಕಡೆಗೆ ಕೋಣೆಯೊಳಗೆ ಕಾಲಿಡಲೂ ಆಗದಂಥ ನಾತ... ಹಾಗೇ ಹೋದರು.

ಮೊನ್ನೆಯದು ಅವರ ನೆನಪಿನ ಪಂದ್ಯವೇ. ಕಪ್ ಕೊಡಲು ನನ್ನನ್ನು ಕರೆದಿದ್ದರು. ಗೆದ್ದ ಹುಡುಗಿಯರು ಸಾಲಾಗಿ ಬಂದರು. ಎಲ್ಲರ ಅಂಗಿಯ ಮೇಲೂ ಗುಟ್ಕಾ ಕಂಪನಿಯ ಹೆಸರು.

“ಇದೇನ್ರಿ? ಸರ್ ಸತ್ತಿದ್ದು ಇದರಿಂದನ,” ಎಂದೆ ಸಂಘಟಕರಿಗೆ.

ಅವರು ವೇದಿಕೆಯ ಪಕ್ಕಕ್ಕೆ ಪಿಚಕ್ಕನೆ ಉಗುಳಿ ನಕ್ಕರು. “ಅಂಗಿ ಪುಕ್ಕಟ ಕೊಟ್ಟಾರ್ರಿ ಅಕ್ಕಾರ. ಮತ್ತ ಸರ್ ಇದ್ದಿದ್ರ ಬ್ಯಾಡ ಅಂತಿದ್ರೇನು? ಅವರೂ ಇದರ ಗಿರಾಕಿನ ಅಲ್ಲೇನ್ರಿ?”

ಕಪ್ಪನ್ನು ಮೇಜಿನ ಮೇಲಿಟ್ಟು ಕೆಳಗಿಳಿದೆ. ಹುಡುಗಿಯರ ಬೆನ್ನು ತಟ್ಟಿದೆ, ಫೋಟೋಕ್ಕೆ ನಿಲ್ಲಲಿಲ್ಲ. ಮನೆಗೆ ಹೋಗಲು ಬಸವನ ಬಾಗೇವಾಡಿಯ ಬಸ್ಸು ಹತ್ತಿ ಕುಳಿತರೂ ಆ ಮಾತಿನ ಹೇಸಿಗೆ ಮೈಬಿಟ್ಟು ಹೋಗಲಿಲ್ಲ. ಸರ್ ಇದ್ದಿದ್ದರೆ ಆ ಅಂಗಿಗಳನ್ನು ಹರಿದೊಗೆಯುತ್ತಿದ್ದರೋ, ಅವನ್ನೇ ತೊಡಿಸಿ ಆಡಿಸುತ್ತಿದ್ದರೋ... ಬೇಡ ಅನ್ನುತ್ತಿದ್ದರು ಎಂದು ಎದೆ ತಟ್ಟಿ ಹೇಳಲಾರೆ. ಕೇಳೋಣವೆಂದರೆ ಅವರಿಲ್ಲ.