ಅಜ್ಜಿಯ ಕಾವಲಿನ ಟೈಪ್‌ರೈಟರ್

ಕುರುಗೋಡಿನ ಶಾಲೆಯಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಟೈಪ್‌ರೈಟರನ್ನು ಮನೆಗೆ ಒಯ್ಯಬಹುದಿತ್ತು. ವಿದ್ಯಾರ್ಥಿಯ ಹೊರತು ಬೇರೆ ಯಾರೂ ಅದನ್ನು ಮುಟ್ಟಬಾರದೆಂದು ನಿಯಮ ಮಾಡಿದವನು ನಾನೇ.

ಪರೀಕ್ಷೆಯ ಹಿಂದಿನ ದಿನ, ಮಷೀನು ಕೆಟ್ಟಿದೆಯೆಂದು ಬಾದನಹಟ್ಟಿಯಿಂದ ನನ್ನ ವಿದ್ಯಾರ್ಥಿನಿ ಗಿರಿಜೆ ಹೇಳಿಕಳಿಸಿದಳು. ಸೈಕಲ್ ತುಳಿದು ಹೋದೆ. ಪಡಸಾಲೆಯಲ್ಲಿ ಮಷೀನಿನ ಪಕ್ಕ ಅವಳ ಅಜ್ಜಿ ಕೂತಿದ್ದರು. ಅಜ್ಜಿ, ಮಷೀನು ಇಬ್ಬರಿಗೂ ವಿಭೂತಿ ಹಚ್ಚಿತ್ತು. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ್ರಿ, ಮೇಷ್ಟ್ರ."

"ಯವ್ವಾ, ರಿಪೇರಿ ಮಾಡಾಕ ಬಂದೀನಿ."

"ಯಾರೂ ಮುಟ್ಟಬಾರ್ದು ಅಂತ ನೀವೇ ಹೇಳೀರಿ. ನನ್ನ ಮಗನ್ನೇ ಬಿಟ್ಟಿಲ್ಲ."

"ಆ ನಿಯಮ ಮಾಡಿದಾವ ನಾನೇ ಅಲ್ಲೇನ್ರಿ?"

"ಮಾಡಿದವ್ರೇ ಮುರಿದ್ರ ಹೆಂಗ್ರಿ?"

ಗಿರಿಜೆಗೆ ಅಳು ಬರುವಂತಿತ್ತು. ನಾನು ಕಂಬಕ್ಕೆ ಒರಗಿ ಕೂತು, ಏನು ಮಾಡಬೇಕೆಂದು ಅವಳಿಗೆ ಹೇಳುತ್ತ ಹೋದೆ. ಅವಳು ಮಷೀನಿನೊಳಗೆ ಕಳಚಿಬಿದ್ದಿದ್ದ, ಕಾಗದದ ಕ್ಯಾರೇಜನ್ನು ಎಳೆಯುವ ಪಟ್ಟಿಯನ್ನು ಹುಡುಕಿ ಕೊಕ್ಕೆಗೆ ಸಿಕ್ಕಿಸಿದಳು. ಕ್ಯಾರೇಜು ಸರಿದು ಗಂಟೆ ಟಿಣ್ ಎಂದಿತು. ಅಜ್ಜಿ ಮಷೀನಿಗೆ ಕೈಮುಗಿದು, ನನ್ನ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟರು.

ಗಿರಿಜೆ ಪಾಸಾದಳು. 'ಶಿಕ್ಷಕರನ್ನು ಬಿಟ್ಟು' ಎಂದು ನಿಯಮಕ್ಕೆ ಸೇರಿಸಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಸೇರಿಸಲಿಲ್ಲ. ನಾನು ಮಾಡಿದ ನಿಯಮಗಳಲ್ಲಿ ಅಷ್ಟು ಚೆನ್ನಾಗಿ ಪಾಲನೆಯಾದದ್ದು ಅದೊಂದೇ.